ಝರಿಯ ದಾರಿಯಲ್ಲಿ ದೋಟಿ ಹಿಡಿದವಳು

ಕೋಲಾರದ ಬೆಟ್ಟದ ಮೇಲಿನ ಝರಿಗೆ ಹೋಗುವ ಕಾಲುದಾರಿಯಲ್ಲಿ ಆಕೆ ಮೇಕೆ ಮೇಯಿಸುತ್ತಿದ್ದಳು. ಸೊಪ್ಪು ಎಳೆಯುವ ಕೊಕ್ಕೆಯ ದೋಟಿ ಸದಾ ಹೆಗಲ ಮೇಲಿರುತ್ತಿತ್ತು. ಮೇಕೆಗಳಿಗೂ ಝರಿ ನೋಡಲು ಬರುವ ನಮ್ಮಂಥವರಿಗೂ ಆಕೆಯದು ಒಂದೇ ಮಾತು: “ಮೆಲ್ಲಗೆ ತಾಯಿ, ಮೆಲ್ಲಗೆ.”

ಹೋದ ವರ್ಷ ಅಲ್ಲಿ ನನ್ನ ಏಳು ವರ್ಷದ ಮಗಳು ಪಾಚಿಯ ಮೇಲೆ ಕಾಲಿಟ್ಟು ನೀರಿಗೆ ಜಾರಿದಳು. ನಾನು ಕಿರುಚುವಷ್ಟರಲ್ಲಿ ಆಕೆ ದೋಟಿಯ ಕೊಕ್ಕೆಯನ್ನು ಮಗುವಿನ ಲಂಗಕ್ಕೆ ಸಿಕ್ಕಿಸಿ ದಡಕ್ಕೆ ಎಳೆದಿದ್ದಳು. ಲಂಗ ಹರಿಯಿತು, ಮಗು ಉಳಿಯಿತು. ನಾನು ಕೈ ಮುಗಿಯುವ ಮೊದಲೇ ಆಕೆ ಮೇಕೆಗಳ ಹಿಂದೆ ಹೊರಟುಹೋದಳು.

ಈ ವರ್ಷ ಆಕೆಗೆಂದೇ ರವಿಕೆ ಕಣ, ತೆಂಗಿನಕಾಯಿ, ಬಾಳೆಹಣ್ಣು ತೆಗೆದುಕೊಂಡು ಹೋದೆ. ಆಕೆ ಕೈ ಹಿಂದಕ್ಕೆಳೆದುಕೊಂಡಳು.

“ನಂಗ್ಯಾಕಮ್ಮಾ? ಕಾಪಾಡಿದ್ದು ಗಂಗಮ್ಮ. ನೀರಿಗೆ ಬಿಡು.”

“ಗಂಗಮ್ಮ ಎಳ್ಕೊಂಡು ಹೋಗ್ತಿದ್ಲು, ಹಿಡ್ಕೊಂಡಿದ್ದು ನೀವು ಕಣಮ್ಮಾ!”

“ಥೂ, ಹಂಗನ್ಬಾರ್ದು. ಆಯಮ್ಮ ಕೇಳಿಸ್ಕೊಂತಾಳೆ,” ಎಂದು ನಕ್ಕು, ಒಂದು ಬಾಳೆಹಣ್ಣು ಮಾತ್ರ ಸುಲಿದು ತಿಂದಳು. ಸಿಪ್ಪೆ ಮೇಕೆಗೆ ಹೋಯಿತು.

ತೆಂಗಿನಕಾಯಿಯನ್ನು ನೀರಿಗೆ ಬಿಟ್ಟೆ. ರವಿಕೆ ಕಣ ಬಿಡಲು ಕೈ ಬರಲಿಲ್ಲ. ಅದೀಗ ನಮ್ಮ ದೇವರ ಗೂಡಿನಲ್ಲಿದೆ. ಹೊಲಿಸಿ ತೊಡಲಾರೆ, ಬೇರೆಯವರ ಮಡಿಲಿಗೆ ಹಾಕಲಾರೆ. ದಿನವೂ ದೀಪ ಹಚ್ಚುವಾಗ ಕೈ ಮುಗಿಯುತ್ತೇನೆ. ಯಾರಿಗೆ ಮುಗಿಯುತ್ತಿದ್ದೇನೆ ಎಂಬುದು ನನಗೇ ತಿಳಿಯುತ್ತಿಲ್ಲ.