ಥಂಡಿ ಹಿಡಿದ ಡೊಳ್ಳು

ಕೋವಿಡ್ ಮುಗಿದ ಮರುವರ್ಷದ ಮಳೆಗಾಲ. ಮಹಾರಾಷ್ಟ್ರದ ಗಡಿಯ ಉದಗೀರದಲ್ಲಿ ನನ್ನ ರೆಕಾರ್ಡಿಂಗ್ ಸ್ಟುಡಿಯೋಗೆ ಆಗ ಹದಿನಾಲ್ಕು ವರ್ಷ. ಉಮರ್ಗಾ, ನಿಲಂಗಾ ಕಡೆಯಲ್ಲಿ ಯಾರು ಹಾಡಿದರೂ ನನ್ನ ಮೈಕಿನ ಮುಂದೆಯೇ ಹಾಡಬೇಕು ಎಂಬ ಸೊಕ್ಕು ನನಗಿತ್ತು. ಮುಂಬೈಯ ವೆಬ್ ಸೀರೀಸ್ ತಂಡವೊಂದು ಕುರುಬರ ದೇವರು ಬೀರಪ್ಪನ ಡೊಳ್ಳಿನ ಪದದ ಮೂರು ನಿಮಿಷದ ಸ್ಯಾಂಪಲ್ ಕೇಳಿತು. ಹಿಡಿಸಿದರೆ ಎಂಟೂ ಕಂತುಗಳ ಧ್ವನಿಮುದ್ರಣ ನಮ್ಮದು. ಆದರೆ ಕೇಳಿದ್ದು ಇಬ್ಬರನ್ನು. ಇನ್ನೊಬ್ಬಳು ಔರಾದ ಶಹಾಜನಿಯ ಸುನಂದಾ. ಭಾಲ್ಕಿ ಕಡೆಯಿಂದ ಸೊಸೆಯಾಗಿ ಬಂದು, ಮದುವೆ ವಿಡಿಯೋ ತೆಗೆಯುತ್ತ ಚಾನೆಲ್ ಕಟ್ಟಿದವಳು. ಒಂದು ಮೊಬೈಲು, ಒಂದು ಸಣ್ಣ ರೆಕಾರ್ಡರ್, ಅಷ್ಟೇ ಅವಳ ಬಂಡವಾಳ! ಸುಳ್ಳೇಕೆ ಹೇಳಲಿ, ಅವಳ ಚಾನೆಲ್ ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ದೇವಣಿ ಕಡೆಯ ಡೊಳ್ಳಿನ ಅಜ್ಜ ಮಲ್ಲಪ್ಪ ಮುತ್ಯಾನ ಮೇಳ ಜಿಟಿಜಿಟಿ ಮಳೆಯಲ್ಲಿ ಟೆಂಪೋ ಇಳಿದು ನನ್ನ ಸ್ಟುಡಿಯೋಗೆ ಬಂತು. ಮುತ್ಯಾ ಡೊಳ್ಳಿನ ಮೇಲೆ ಬೆರಳಾಡಿಸಿ, "ಥಂಡಿ ಹಿಡದದರೀ ಸಾಹೇಬ್ರ. ನಾಕು ಸಗಣಿ ಕುಳ್ಳು ಹಚ್ಚಿ ಕಾಸಬೇಕು. ಚರ್ಮ ಬಿಗೀತದ" ಎಂದ.

"ಗ್ವಾಡಿಗೆಲ್ಲ ಫೋಮ್ ಅದ, ಇಲ್ಲಿ ಹೊಗಿ ಹಾಕ್ತೀಯೇನು ಮುತ್ಯಾ? ಬಾರ್ಸು. ಉಳದದ್ದು ಕಂಪ್ಯೂಟರ್ ನೋಡ್ಕೋತದ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲೇ ನಕ್ಕೆ. ಬಾರಿಸಿದರು. ದಪ್ ದಪ್ ಎಂದಿತು. ಕಂಪ್ಯೂಟರಿನಲ್ಲಿ ಬೇಸ್ ಸದ್ದು ಏರಿಸಿ ಮುಂಬೈಗೆ ಕಳಿಸಿಬಿಟ್ಟೆ.

ನಾಲ್ಕು ದಿನಕ್ಕೆ ಸುನಂದಾ ಮುತ್ಯಾನನ್ನೇ ಕರೆದುಕೊಂಡು ನನ್ನ ಬಾಗಿಲಿಗೆ ಬಂದಳು. ಅದೇ ಮೇಳವನ್ನು ಅವರ ಕುರಿಹಟ್ಟಿಯಲ್ಲಿ, ಡೊಳ್ಳು ಕಾಯುವ ತನಕ ಬೆಂಕಿಯ ಪಕ್ಕ ಕೂತು ರೆಕಾರ್ಡ್ ಮಾಡಿದ್ದಳು.

"ಅಣ್ಣಾ, ಗಾಳಿ ಸಪ್ಪಳ ಭಾಳ ಬಂದದ. ಕ್ಲೀನ್ ಮಾಡಿಕೊಡ್ರಿ. ನಂಗ ಈ ಕೆಲಸ ಬರಂಗಿಲ್ಲ. ನೀವ್ ಮಾಡಿದ್ದೇ ನಾಳಿಗಿ ಕಳಸ್ತೀನಿ."

ಹೆಡ್‌ಫೋನ್ ಹಾಕಿಕೊಂಡೆ. ಮೊದಲ ಪೆಟ್ಟಿಗೇ ಎದೆ ಝಲ್ಲೆಂದಿತು. ಅಬ್ಬಾ, ಅದು ಡೊಳ್ಳು! ಇದು ನನ್ನ ಕೈಯಲ್ಲಿ ಆಗಬಾರದಿತ್ತೇ ಎಂದು ಸಂಕಟವಾಯಿತು. ನಾಯ್ಸ್ ರಿಡಕ್ಷನ್ ಅಂದರೆ ಬೇಡದ ಸದ್ದನ್ನು ಅಳಿಸುವ ತಂತ್ರ. ಹದ ಮೀರಿದರೆ ಬೇಕಾದ ಸದ್ದೂ ಅಳಿದುಹೋಗುತ್ತದೆ. ನಾನು ಹದ ಮೀರಿದೆ. ಗೊತ್ತಿದ್ದೇ ಮೀರಿದೆ.

ಕೇಳಿದ ಸುನಂದಾಳ ಮುಖ ಸಣ್ಣದಾಯಿತು. ಆದರೂ, "ನಿಮಗ ತಿಳದಷ್ಟು ನಂಗೆಲ್ಲಿ ತಿಳೀತದ ಅಣ್ಣಾ, ಛಲೋನೇ ಇರಬೇಕು" ಎಂದಳು. ಮುತ್ಯಾನೂ ಕೇಳಿ, ಹೆಡ್‌ಫೋನ್ ತೆಗೆದು ನನ್ನ ಮುಖವನ್ನೇ ನೋಡಿದ.

"ಸಾಹೇಬ್ರ, ಇದಕ್ಕೂ ಥಂಡಿ ಹಿಡಿಸಿದ್ರಲ್ರೀ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ತಡಿ ತಂಗಿ, ತಪ್ಪಾಗ್ಯಾದ" ಎಂದು ಅಳಿಸಿದ್ದನ್ನೆಲ್ಲ ವಾಪಸು ತಂದೆ. ಗಾಳಿಯನ್ನಷ್ಟೇ ತಗ್ಗಿಸಲು ಎರಡು ತಾಸು ಹಿಡಿಯಿತು. ಕೆಲಸ ಅವಳಿಗೇ ಸಿಕ್ಕಿತು. ಪೇಢಾ ತಂದುಕೊಟ್ಟಳು. ತಿಂದೆ, ಹೊಟ್ಟೆಯ ಉರಿ ಆರಲಿಲ್ಲ.

ಈಗ ಈ ಕಡೆ ಊರಿಗೊಂದು ಚಾನೆಲ್. ಅವರ ಫೈಲುಗಳೆಲ್ಲ ಶುದ್ಧಿಗೆ ನನ್ನ ಹತ್ತಿರವೇ ಬರುತ್ತವೆ. ಡೊಳ್ಳು ಕಾಸಲೆಂದು ಹಿತ್ತಿಲಲ್ಲಿ ಕುಳ್ಳು ಒಟ್ಟಿಟ್ಟಿದ್ದೇನೆ. ಒಳ್ಳೆಯ ಸದ್ದು ನನ್ನ ಕಿವಿಗಿಂತ ಮೊದಲು ಹೊಟ್ಟೆಗೇ ಗೊತ್ತಾಗುತ್ತದೆ. ಉರಿ ಎದ್ದ ಕೂಡಲೇ ಮೌಸಿನಿಂದ ಕೈ ತೆಗೆದು, ಇದನ್ನು ಕೆಡಿಸಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.