ಮರುಳಸಿದ್ದಪ್ಪನವರ ಮಿಲ್ಲಿನ ಬಲಗಡೆ ಬೇರಿಂಗು

ಶ್ರೀನಗರದಲ್ಲಿ ಹಿಟ್ಟಿನ ಮಿಲ್ಲು ಇಟ್ಟುಕೊಂಡಿರುವ ಮರುಳಸಿದ್ದಪ್ಪನವರಿಗೆ ಆಯುಧಪೂಜೆಯೆಂದರೆ ಪ್ರಾಣ. ನಮ್ಮಂಥವರು ಸ್ಕೂಟರಿಗೆ ಎರಡು ಚೆಂಬು ನೀರು ಸುರಿದು, ಚಕ್ರದಡಿ ನಿಂಬೆಹಣ್ಣು ಇಟ್ಟು ಮುಗಿಸಿಬಿಡುತ್ತೇವೆ. ಅವರು ಮಿಲ್ಲಿಗೆ ಬಾಣಂತಿಯ ಸ್ನಾನವನ್ನೇ ಮಾಡಿಸುತ್ತಾರೆ. ಈ ಸಲವಂತೂ ಮಹಡಿಯ ಟ್ಯಾಂಕಿನಿಂದ ಪೈಪು ಎಳೆದು, ಅದರ ಬಾಯಿಗೆ ಹೆಬ್ಬೆರಳು ಒತ್ತಿ, ಸಂದುಗೊಂದಿಗೆಲ್ಲ ನೀರು ಬಾರಿಸಿದ್ದರು. ಮೋಟಾರಿಗೆ ಮಾತ್ರ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಅವರ ವಿಜ್ಞಾನ ಅಲ್ಲಿಗೆ ನಿಂತಿತ್ತು.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಮಿಲ್ಲಿನ ಬಲಗಡೆ ಬೇರಿಂಗು ಗುಂಯ್‌ಗುಡಲು ಶುರುವಾಯಿತು. ಬೀಸುವ ಕಲ್ಲನ್ನು ತಿರುಗಿಸುವ ದಪ್ಪ ಕಬ್ಬಿಣದ ದಂಡ ಕೂತಿರುವುದೇ ಎರಡು ಬೇರಿಂಗುಗಳ ಮೇಲೆ. ಎಡಗಡೆಯದು ಸಾಧು. ಬಲಗಡೆಯದರ ದನಿ ಮೊದಲು ಅವರೊಬ್ಬರಿಗೇ ಕೇಳಿಸಿತು. ಸ್ಕ್ರೂಡ್ರೈವರಿನ ಮೊನೆಯನ್ನು ಬೇರಿಂಗನ್ನು ಹಿಡಿದಿರುವ ಕಬ್ಬಿಣದ ಮನೆಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಡಾಕ್ಟರಂತೆ ಕಣ್ಣು ಮುಚ್ಚಿದರು.

"ಕೇಳಿಸ್ತೇನೇ?" ಎಂದರು, ಬಾಗಿಲಲ್ಲಿ ಗಿರಾಕಿಗಳ ಡಬ್ಬ ಇಸಿದುಕೊಳ್ಳುತ್ತಿದ್ದ ಹೆಂಡತಿ ಗಂಗಾಂಬಿಕೆಯನ್ನು.

"ಏನ್ರೀ?"

"ಒಳಗೆ ಯಾರೋ ಹುರಿಗಡಲೆ ಅಗೀತಿರೋ ಹಂಗೆ."

"ಕಿವೀಲಿ ಹಿಟ್ಟು ತುಂಬ್ಕೊಂಡಿರತ್ತೆ. ತೊಳ್ಕೊಂಡ್ ಬನ್ನಿ."

ಅವರ ಭಯಕ್ಕೆ ಕಾರಣವಿತ್ತು. ದೀಪಾವಳಿ ಎದುರಿಗಿತ್ತು, ಬೀದಿಯ ಚಕ್ಕುಲಿ ಹಿಟ್ಟೆಲ್ಲ ಅವರ ಕಲ್ಲಿನ ಕೆಳಗೇ ಹಾಯಬೇಕು. ಹಿಂದಿನ ರಸ್ತೆಯ ಮಿಲ್ಲಿನವರು ಹೋದ ವರ್ಷ ಹಬ್ಬದಲ್ಲೇ ರಿಪೇರಿಗೆಂದು ಬಾಗಿಲು ಹಾಕಿದ್ದರು. ಗಿರಾಕಿಗಳು ಪ್ಯಾಕೆಟ್ ಹಿಟ್ಟಿಗೆ ಹೋದವರು ಮರಳಲಿಲ್ಲ. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ನಿಲ್ಲಿಸಿದರೆ ಆ ಗತಿ. ನಿಲ್ಲಿಸದೆ ಹಬ್ಬದ ಮುನ್ನಾದಿನ ಬೇರಿಂಗು ಕಚ್ಚಿಕೊಂಡರೆ ದಂಡವೂ ಹೋಯಿತು, ಮಿಲ್ಲೂ ಹೋಯಿತು.

ಮೆಕ್ಯಾನಿಕ್ ದೇವದಾಸನಿಗೆ ಫೋನು ಮಾಡಿ, ಫೋನನ್ನೇ ಬೇರಿಂಗಿನ ಬಳಿ ಹಿಡಿದರು.

"ಸಾರ್, ಬಸ್ಸಲ್ಲಿದ್ದೀರಾ? ಏನೂ ಕೇಳಿಸ್ತಿಲ್ಲ!"

"ಅದೇನಯ್ಯಾ ಬೇರಿಂಗು!"

"ಓ ಅದಾ! ಬೇರಿಂಗ್ ಅಂದ್ಮೇಲೆ ಸ್ವಲ್ಪ ಮಾತಾಡುತ್ತೆ ಸಾರ್. ಹಬ್ಬ ಮುಗೀಲಿ, ನೋಡೋಣ."

ಹಬ್ಬ ಮುಗಿಯುವ ತನಕ ಏನಾದರೂ ಮಾಡುತ್ತಿರಬೇಕಲ್ಲ. ಅವರು ಗ್ರೀಸ್ ಗನ್ನು ಹಿಡಿದರು. ಗೋಡೆಯ ಮೊಳೆಗೆ ತೂಗುಹಾಕಿದ್ದ ಆ ಗನ್ನು ಅಲ್ಲಿಯವರೆಗೆ ಅಪರೂಪಕ್ಕೆ ಇಳಿಯುತ್ತಿತ್ತು. ಈಗ ಕಾಫಿಗೆ ಮುಂಚೆ ಎರಡು ಒತ್ತು, ಕಾಫಿಯಾದ ಮೇಲೆ ಎರಡು ಒತ್ತು. ಗ್ರೀಸ್ ಬಿದ್ದೊಡನೆ ಶಬ್ದ ಮೆತ್ತಗಾಗುತ್ತಿತ್ತು, ಇವರ ಎದೆಯೂ ಮೆತ್ತಗಾಗುತ್ತಿತ್ತು. ತುಸು ಹೊತ್ತಿಗೆ ಎರಡೂ ಮತ್ತೆ ಶುರು. ಬೇರಿಂಗಿನ ಮನೆಯ ಮೇಲೆ ಕೈಯಿಟ್ಟರೆ ದಿನದಿನಕ್ಕೆ ಬಿಸಿ ಏರುತ್ತಿತ್ತು. ಬಿಸಿಯಾಯಿತೆಂದು ಇನ್ನೆರಡು ಒತ್ತು ಹಾಕುತ್ತಿದ್ದರು.

"ರೀ, ಅದಕ್ಕೆ ಹಸಿವಾಗಿದ್ಯೋ, ನಿಮಗೆ ಭಯ ಆಗಿದ್ಯೋ?" ಎಂದಳು ಗಂಗಾಂಬಿಕೆ.

"ಸುಮ್ನಿರೇ, ನಿಂಗೊತ್ತಾಗಲ್ಲ."

ದೀಪಾವಳಿಗೆ ನಾಲ್ಕು ದಿನ ಇರುವಾಗ ಗಿರಿನಗರದ ಟೀಚರಮ್ಮ ಬೀಸಿಸಿಕೊಂಡು ಹೋಗಿದ್ದ ಚಕ್ಕುಲಿ ಹಿಟ್ಟಿನ ಡಬ್ಬವನ್ನು ಹಾಗೇ ವಾಪಸು ತಂದರು. ನಿವೃತ್ತರಾದರೂ ಅವರ ದನಿ ಇನ್ನೂ ಸರ್ವಿಸಿನಲ್ಲಿತ್ತು.

"ಸಿದ್ದಪ್ಪನವರೇ, ಮೂಸಿ ನೋಡಿ."

ಮರುಳಸಿದ್ದಪ್ಪನವರು ಮೂಸಿದರು. ಹುರಿದ ಉದ್ದಿನ ಘಮದ ನಡುವೆ ಸ್ಕೂಟರ್ ಶೆಡ್ಡಿನ ವಾಸನೆ. ತಿರುಗಿ ನೋಡಿದರೆ, ಅವರು ತುಂಬಿ ತುಂಬಿ ಇಟ್ಟಿದ್ದ ಗ್ರೀಸು ಜಾಗ ಸಾಲದೆ, ಬಿಸಿಗೆ ಕರಗಿ, ಬೇರಿಂಗಿನ ಅಂಚಿನಿಂದ ಇಳಿದು ಹಿಟ್ಟು ಬೀಳುವ ಬಾಯಿಯ ತುದಿಯಲ್ಲಿ ಕಂದು ಹನಿಯಾಗಿ ಜೋತುಬಿದ್ದಿತ್ತು.

"ನಾನು ಪ್ಯಾಕೆಟ್‌ದೇ ತಗೋತೀನಿ ಬಿಡಿ," ಎಂದು ಟೀಚರಮ್ಮ ಖಾಲಿ ಕೈಯಲ್ಲಿ ಹೊರಟರು. ಸಾಲಿನಲ್ಲಿದ್ದವರೆಲ್ಲ ಒಮ್ಮೆ ತಮ್ಮ ಡಬ್ಬದ ಕಡೆ ನೋಡಿಕೊಂಡರು. ಮರುಳಸಿದ್ದಪ್ಪನವರ ಕೈ ತಾನಾಗಿಯೇ ಸ್ವಿಚ್ಚಿಗೆ ಹೋಯಿತು. ಇಷ್ಟು ದಿನ ಯಾವುದಕ್ಕೆ ಹೆದರಿದ್ದರೋ ಅದನ್ನು ಅವರೇ ಮಾಡಿದರು. ಹಬ್ಬದ ವಾರದಲ್ಲಿ ಮಿಲ್ಲು ನಿಂತಿತು.

ಬನಶಂಕರಿಯಿಂದ ಓಡಿಬಂದ ದೇವದಾಸ ಬೇರಿಂಗು ಬಿಚ್ಚಿದ. ಒಳಗಿಂದ ಗ್ರೀಸು ಮುದ್ದೆಮುದ್ದೆಯಾಗಿ ಬಂತು. ತಳದ್ದು ನೀರು ಬೆರೆತು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಒರೆಸಿ ನೋಡಿದರೆ ಒಳಗಿನ ಉಕ್ಕಿನ ಗುಂಡುಗಳು ಓಡಾಡುವ ಹಾದಿಯಲ್ಲಿ ತುಕ್ಕಿನ ಗೆರೆ, ಒಂದು ಕಡೆ ಉಗುರಿನಷ್ಟು ಚಕ್ಕೆ ಎದ್ದ ಗುಳಿ.

"ನೋಡಿ ಸಾರ್, ಥೇಟ್ ನಮ್ಮ ರಿಂಗ್ ರೋಡು. ಅದೇ ದಾರೀಲಿ ಗುಂಡು ಓಡಿ ಓಡಿ ಒಳಗೊಳಗೇ ಬಿರುಕು ಬಿಡುತ್ತೆ. ನೀರು ನಿಂತ್ರೆ ಬೇಗ ಬಿಡುತ್ತೆ. ಒಂದು ಗುಂಡಿ ಬಿತ್ತೋ, ಪ್ರತಿ ಗುಂಡೂ ಅದ್ರಲ್ಲಿ ಎತ್ತಾಕಿ ಇನ್ನೊಂದು ಗುಂಡಿ ಮಾಡುತ್ತೆ. ಗ್ರೀಸ್ ಹಾಕಿದ್ರೆ ಗುಂಡಿ ಮುಚ್ಚಲ್ಲ. ಅಲ್ಲಾ, ಇದಕ್ಕೆ ನೀರು ಹೆಂಗೋಯ್ತು?"

ಮರುಳಸಿದ್ದಪ್ಪನವರು ಕ್ಯಾಲೆಂಡರ್ ನೋಡತೊಡಗಿದರು.

"ಪೂಜೆ ಮಾಡಿದ್ರು," ಎಂದಳು ಗಂಗಾಂಬಿಕೆ.

ದೇವದಾಸ ತಲೆ ಕೆರೆದುಕೊಂಡ. "ನಾನೂ ಬೈಕಿಗೆ ಪೈಪಲ್ಲಿ ಹಂಗೇ ಬಿಟ್ಟೆ ಅಕ್ಕ. ಮುಂದಿನ ಚಕ್ರ ಆವತ್ತಿಂದ ಕೂಗ್ತಾನೇ ಇದೆ."

ಹೊಸ ಬೇರಿಂಗು ಕೂತಿತು. ಕಲ್ಲು, ಬಾಯಿ ಎಲ್ಲ ಒರೆಸಿ, ಮೊದಲು ಮನೆಯದೇ ಅಕ್ಕಿ ಬೀಸಿದರು. ಒಂದಿಷ್ಟೂ ಸದ್ದಿಲ್ಲ. ಅದು ಮರುಳಸಿದ್ದಪ್ಪನವರನ್ನು ಇನ್ನಷ್ಟು ಹೆದರಿಸಿತು. ಇಷ್ಟು ಸುಮ್ಮನಿದ್ದರೆ ಅದರ ಮನಸ್ಸಿನಲ್ಲೇನಿದೆಯೆಂದು ತಿಳಿಯುವುದು ಹೇಗೆ? ಕೈ ಗೋಡೆಗೆ ಹೋಯಿತು. ಮೊಳೆ ಖಾಲಿ.

"ಗನ್ನೆಲ್ಲೇ?"

"ದೇವದಾಸಂಗೆ ಕೊಟ್ಟೆ. ಹಬ್ಬ ಆದ್ಮೇಲೆ ತಂದ್ಕೊಡ್ತಾನೆ."

ಮರುದಿನ ಬೆಳಗ್ಗೆ ಅವರು ಟೀಚರಮ್ಮನ ಮನೆಗೇ ನಡೆದು, ಹೊಸದಾಗಿ ಬೀಸಿದ ಚಕ್ಕುಲಿ ಹಿಟ್ಟನ್ನು ಮುಂದಿಟ್ಟರು. ಟೀಚರಮ್ಮ ಚಿಟಿಕೆ ತೆಗೆದು ಮೂಸಿದರು. ಬೆರಳಲ್ಲಿ ತೀಡಿ ಮತ್ತೆ ಮೂಸಿದರು. ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗನ ಉತ್ತರ ಸರಿಯಿದ್ದಾಗ ನೋಡುವ ಹಾಗೆ ಅವರನ್ನು ನೋಡಿದರು.

"ಪ್ಯಾಕೆಟ್ ಹಿಟ್ಟಲ್ಲಿ ಚಕ್ಕುಲಿ ಮುರ್ಕೊಂಡು ಮುರ್ಕೊಂಡು ಬರ್ತಿದೆ ಕಣ್ರೀ," ಎಂದು ಒಳಗೆ ಹೋಗಿ, ಅಕ್ಕಿ ತುಂಬಿದ ದೊಡ್ಡ ಡಬ್ಬ ತಂದು ಅವರ ತೋಳಿಗೆ ಹೊರಿಸಿದರು. "ಸಾಯಂಕಾಲಕ್ಕೆ ಬೇಕು. ಮೆಷಿನ್ ಸರಿ ಇದೆ ತಾನೆ?"

"ಸದ್ದೇ ಇಲ್ಲ ಮೇಡಂ," ಎಂದರು ಮರುಳಸಿದ್ದಪ್ಪನವರು, ಮುಖದಲ್ಲಿ ಪೂರಾ ಕಳವಳ.