ಈರುಳ್ಳಿ ಸೌಟು

ನನ್ನಪ್ಪ ಪದ್ಮನಾಭಯ್ಯ ಉಡುಪಿಯಿಂದ ಬಂದು ಟಿ. ನಗರದ ಹೋಟೆಲೊಂದರಲ್ಲಿ ನಲವತ್ತು ವರ್ಷ ಸಾಂಬಾರು ಕುದಿಸಿದವರು. ನಾನು ಒಂಬತ್ತು ವರ್ಷದವಳಿದ್ದಾಗ ಒಂದು ದಿನ, ಮಡಿವಂತ ಗಿರಾಕಿಗಳಿಗೆಂದು ಈರುಳ್ಳಿ ಹಾಕದೆ ಮಾಡಿದ್ದ ಸಾಂಬಾರಿಗೆ ಈರುಳ್ಳಿ ಸಾಂಬಾರಿನ ಸೌಟು ಅದ್ದಿಬಿಟ್ಟೆ. ಪಾತ್ರೆಯಷ್ಟೂ ಚೆಲ್ಲಬೇಕಾಯಿತು. ಅಪ್ಪ ಅದೇ ಬಿಸಿ ಸೌಟಿನಿಂದ ನನ್ನ ಬೆನ್ನಿಗೆ ಹೊಡೆದರು.

ಆ ಉರಿ ಆರಲೆಂದೇ ಈಗ ಕಿರುಚಿತ್ರ ಮಾಡುತ್ತಿದ್ದೇನೆ. ಅಪ್ಪನಿಗೆ ಹೇಳಿದ್ದು ಮಾತ್ರ ಹಸಿ ಸುಳ್ಳು: "ಹೋಟೆಲಿನ ಕಥೆ ಅಪ್ಪಾ, ನಟನಿಗೆ ಸೌಟು ಹಿಡಿಯುದು ಹೇಳಿಕೊಡಿ." ಅವರು ಇಸ್ತ್ರಿ ಮಾಡಿದ ಪಂಚೆಯುಟ್ಟು, ಪಲ್ಲಾವರಂನಿಂದ ಎರಡು ಬಸ್ಸು ಹಿಡಿದು ಬಂದರು. ಆ ಪಂಚೆ ಕಂಡು ನನಗೆ ನಾಚಿಕೆಯಾಯಿತು. ಆದರೂ ಶೂಟಿಂಗ್ ನಿಲ್ಲಿಸಲಿಲ್ಲ. ಅವರ ಮುಖ ನೋಡಬೇಕಿತ್ತು ನನಗೆ.

ನಟ, ನನ್ನ ಪಾತ್ರದ ಹುಡುಗಿಗೆ ಒಂದು ಏಟು ಹೊಡೆದಂತೆ ಮಾಡಿದ. ಅಪ್ಪನಿಗೆ ಎಲ್ಲ ಮರೆತಿರುತ್ತದೆ, ಜನ ಅವರನ್ನು ರಾಕ್ಷಸ ಅನ್ನುವುದು ಬೇಡ ಎಂದು ನಾನೇ ಒಂದಕ್ಕೆ ಇಳಿಸಿದ್ದೆ.

ಅಪ್ಪ ಎದ್ದು ಬಂದು ನಟನ ಕೈಯಿಂದ ಸೌಟು ತೆಗೆದುಕೊಂಡರು. ನನ್ನತ್ತ ನೋಡದೆಯೇ ನನಗೆ ಹೇಳಿದರು:

"ಒಂದಲ್ಲ ಮಗಾ, ಮೂರು. ಮೂರನೇದು ಹೊಡೆಯುವಾಗ ನಿನ್ನ ಅಳು ನಿಂತಿತ್ತು. ಅದನ್ನೂ ಹಾಕು."